ಕೊಡಲಿ ಎತ್ತುವ ಮುಂಚೆ

(ರಾಯಚೂರು ನಗರದಲ್ಲಿ ಸೇರಿದ್ದ ದೇವದುರ್ಗ ಮತ್ತು ಮಾನ್ವಿ ತಾಲೂಕುಗಳ ನವಸಾಕ್ಷರ ಮಹಿಳೆಯರ ಮುಂದೆ ಶಿಕ್ಷಕಿಯೊಬ್ಬರು ಆಡಿದ ಮಾತು)



ಬೆಳಕು ಹರಿಯುವ ಮುಂಚೆ ಎದ್ದಿದ್ದೀರಿ. ರೊಟ್ಟಿ ಬಡಿದು, ಬುತ್ತಿ ಕಟ್ಟಿಕೊಂಡು, ಬಸ್ಸು ಹಿಡಿದು ರಾಯಚೂರಿಗೆ ಬಂದಿದ್ದೀರಿ. ಕೆಲವರು ದೇವದುರ್ಗದ ಕಡೆಯವರು. ಕೆಲವರು ಮಾನ್ವಿ ಕಡೆಯವರು. ಬಾಗಿಲಲ್ಲಿ ಇಟ್ಟಿದ್ದ ಪುಸ್ತಕದಲ್ಲಿ ನಿಮ್ಮ ಹೆಸರನ್ನು ನೀವೇ ಬರೆದು ಒಳಗೆ ಬಂದಿರಿ. ಅದನ್ನು ನೋಡಿ ನನಗೆ ಬಹಳ ಸಂತೋಷವಾಯಿತು.

ನಾನು ಬೇರೆ ವಿಷಯ ಮಾತಾಡಬೇಕು ಅಂತ ಬರೆದುಕೊಂಡು ಬಂದಿದ್ದೆ. ಆದರೆ ಊಟದ ಹೊತ್ತಿನಲ್ಲಿ ಇಬ್ಬರು ಅಕ್ಕಂದಿರು ವಾದ ಹಚ್ಚಿದ್ದರು. ಅದನ್ನು ಕೇಳಿ ನಾನು ಬರೆದುಕೊಂಡು ಬಂದ ಹಾಳೆ ಮಡಚಿ ಇಟ್ಟೆ.

ದೇವದುರ್ಗದ ಕಡೆಯ ಅಕ್ಕ ಅಂದರು: “ಗಿಡ ಕಡೀಬಾರದವ್ವಾ. ಗಿಡ ಇದ್ರ ನೆಳ್ಳು. ಗಿಡ ಇದ್ರ ಮಳಿ. ಕಡದವರು ಯಾರು ಉದ್ಧಾರ ಆಗ್ಯಾರ?”

ಮಾನ್ವಿ ಕಡೆಯ ಅಕ್ಕ ಅಂದರು: “ಕಡೀದಿದ್ರ ಹೆಂಗ? ಮನಿಗೆ ತೊಲಿ ಬೇಕು. ಬಾಗಲಾ ಬೇಕು. ಒಲಿಗೆ ಕಟಗಿ ಬೇಕು. ನಮ್ಮೂರ ತೋಪು ಬೆಳದು ನಿಂತೈತಿ. ಕಡದು ಮಾರಿ ಸಾಲಿಗೆ ಕಾಂಪೌಂಡ್ ಕಟ್ಟಸೋಣು ಅಂತಾರ. ಬರೋ ವಾರ ಮೀಟಿಂಗ್ ಐತಿ.”

ಆಮೇಲೆ ಇಬ್ಬರೂ ನನ್ನ ಕಡೆ ತಿರುಗಿದರು. “ಟೀಚರ್, ನೀವ ಹೇಳ್ರಿ. ಕಡೀಬೇಕೋ, ಬ್ಯಾಡೋ?”

ಇಬ್ಬರ ಮಾತೂ ಖರೇ. ಗಿಡ ಇಲ್ಲದೆ ನೆಲ ಉಳಿಯದು. ಕಟ್ಟಿಗೆ ಇಲ್ಲದೆ ಮನೆ ನಡೆಯದು. ಹಾಗಾದರೆ ‘ಕಡಿಯಬೇಕೋ, ಬೇಡವೋ’ ಅನ್ನುವುದು ಸರಿಯಾದ ಪ್ರಶ್ನೆ ಅಲ್ಲ. ಕೊಡಲಿ ಎತ್ತುವ ಮುಂಚೆ ಬೇರೆ ಮೂರು ಪ್ರಶ್ನೆ ಕೇಳಬೇಕು.

ಯಾವ ಗಿಡ?
ಎಷ್ಟು ಗಿಡ?
ಯಾವಾಗ?

ಈ ಮೂರು ಪ್ರಶ್ನೆ ಕೇಳಿದ ಊರಿನಲ್ಲಿ ಕಟ್ಟಿಗೆಯೂ ಸಿಗುತ್ತದೆ. ತೋಪೂ ಉಳಿಯುತ್ತದೆ. ಕೇಳದ ಊರಿನ ಗತಿ ಏನಾಯಿತು ಅಂತ ಮೊದಲು ಹೇಳುತ್ತೇನೆ. ಅದು ನನ್ನ ಊರೇ.

ನಮ್ಮೂರ ತೋಪು ಹೋದ ಕತೆ

ನಮ್ಮೂರು ದೇವದುರ್ಗದ ಆಚೆ ಇರುವ ಸಣ್ಣ ಹಳ್ಳಿ. ಊರ ಹೊರಗೆ ಗಾಯರಾಣ. ಆ ಗಾಯರಾಣದಲ್ಲಿ ಒಂದು ತೋಪು ಇತ್ತು. 1983ರಿಂದ ನಮ್ಮ ರಾಜ್ಯದಲ್ಲಿ ಸಾಮಾಜಿಕ ಅರಣ್ಯ ಯೋಜನೆ ದೊಡ್ಡದಾಗಿ ನಡೆಯಿತು. ಅದಕ್ಕೆ ವಿಶ್ವಬ್ಯಾಂಕಿನ ಸಾಲ ಬಂದಿತ್ತು. ಆ ಕಾಲದಲ್ಲಿ ನೆಟ್ಟ ತೋಪು ಅದು. ಕರಿಜಾಲಿ ಇತ್ತು, ಬೇವು ಇತ್ತು, ನೀಲಗಿರಿ ಇತ್ತು. (ನಮ್ಮ ಕಡೆ ಮರಕ್ಕೂ ಗಿಡ ಅಂತಲೇ ಅನ್ನುತ್ತೇವಲ್ಲ. ನಾನೂ ಹಾಗೇ ಅನ್ನುತ್ತೇನೆ.)

ಆ ತೋಪಿನಲ್ಲಿ ನಮ್ಮವ್ವ ಒಣ ಪುಳ್ಳೆ ಆರಿಸುತ್ತಿದ್ದಳು. ಬೇವಿನ ಬೀಜ ಆರಿಸಿ ಮಾರುತ್ತಿದ್ದಳು. ಆ ದುಡ್ಡಿನಲ್ಲಿ ನನಗೆ ಪಾಟಿ, ಬಳಪ ಬಂದಿದ್ದವು. ಜಾಲಿಕಾಯಿ ಉದುರಿದರೆ ಊರ ಆಡುಗಳಿಗೆ ಹಬ್ಬ.

ನಾನು ನಾಲ್ಕನೇ ಇಯತ್ತೆ ಓದುವಾಗ ಒಬ್ಬ ಗುತ್ತಿಗೆದಾರ ಬಂದ. ಊರಿನ ನಾಲ್ಕು ಮಂದಿ ದೊಡ್ಡವರು ಅವನ ಜೊತೆ ಇದ್ದರು. “ಒಣಗಿದ್ದು, ಡೊಂಕಿದ್ದು ಅಷ್ಟ ಕಡೀತೀವಿ. ಊರಿಗೂ ರೊಕ್ಕ ಬರತೈತಿ” ಅಂದರು. ಒಂದು ಕಾಗದ ಮನೆ ಮನೆಗೆ ಬಂತು. ಎಲ್ಲರೂ ಹೆಬ್ಬೆಟ್ಟು ಒತ್ತಿದರು. ನಮ್ಮವ್ವನೂ ಒತ್ತಿದಳು. ನಾನು ಅಲ್ಲೇ ಹೊಸ್ತಿಲ ಮೇಲೆ ಕೂತು ಆಡುತ್ತಿದ್ದೆ. ಓದಲು ಬರುತ್ತಿತ್ತು ನನಗೆ. ಆದರೆ ಕಾಗದವನ್ನು ಯಾರೂ ನನ್ನ ಕೈಗೆ ಕೊಡಲಿಲ್ಲ. ನಾನೂ ಕೇಳಲಿಲ್ಲ.

ಕಾಗದದಲ್ಲಿ ‘ತೋಪಿನ ಪೂರ್ತಿ ಮರಗಳು’ ಅಂತ ಬರೆದಿತ್ತಂತೆ. ಒಂದೇ ವಾರದಲ್ಲಿ ಲಾರಿಗಳು ಬಂದವು. ಎಳೆಯದು, ಬಲಿತದ್ದು, ನೆಟ್ಟಗಿದ್ದದ್ದು, ಹಳ್ಳದ ದಂಡೆಯದು, ಎಲ್ಲ ಹೋಯಿತು. ಊರಿಗೆ ಬಂದ ರೊಕ್ಕ ಒಂದು ವರ್ಷವೂ ಉಳಿಯಲಿಲ್ಲ.

ಆ ಬೇಸಿಗೆಯಲ್ಲಿ ಹೆಣ್ಣುಮಕ್ಕಳು ಕಟ್ಟಿಗೆಗೆ ಒಂದು ಹರದಾರಿ ನಡೆದರು. ಮುಂಗಾರಿನ ಮೊದಲ ದೊಡ್ಡ ಮಳೆಗೆ ಹಳ್ಳದ ನೀರು ಕೆಂಪಾಗಿ ಹರಿಯಿತು. ಅದು ಬರೀ ನೀರಲ್ಲ, ಗಾಯರಾಣದ ಮೇಲ್ಮಣ್ಣು. ಹಳ್ಳದ ಒಡ್ಡಿನಲ್ಲಿ ಹೂಳು ತುಂಬಿತು.

ಅವ್ವ ಬಹಳ ವರ್ಷ ಒಂದೇ ಮಾತು ಅನ್ನುತ್ತಿದ್ದಳು: “ಓದಾಕ ಬರೋ ಮಗಳು ಬಾಗಲದಾಗ ಕುಂತಿದ್ಲು. ನಾನು ಓದಿಸಿ ಕೇಳಲಿಲ್ಲ.”

ತಪ್ಪು ಅವ್ವನದಲ್ಲ. ಆದರೆ ಆ ಮಾತು ನನ್ನ ಮನಸ್ಸಿನಲ್ಲಿ ಹಾಗೇ ಉಳಿದಿದೆ. ಅದಕ್ಕೇ ಈ ವಿಷಯ ಮಾತಾಡುತ್ತಿದ್ದೇನೆ.

ನಮ್ಮ ನೆಲಕ್ಕೆ ಗಿಡ ಯಾಕೆ ಬೇಕು?

ನಮ್ಮದು ಕೃಷ್ಣೆ ಮತ್ತು ತುಂಗಭದ್ರೆಯ ನಡುವಿನ ನೆಲ. ಎರಡು ದೊಡ್ಡ ನದಿ ಇದ್ದರೂ ಮಳೆ ಕಡಿಮೆ. ಬಿಸಿಲು ಬಹಳ. ಮಲೆನಾಡಿನಲ್ಲಿ ಇರುವಂಥ ದಟ್ಟ ಕಾಡು ನಮ್ಮಲ್ಲಿ ಇಲ್ಲ. ಇರುವುದು ಕುರುಚಲು ಗುಡ್ಡ, ಗಾಯರಾಣದ ತೋಪು, ಹೊಲದ ಬದುವಿನ ಬೇವು, ಜಾಲಿ, ಹುಣಸೆ. ಕಾಲುವೆ ನೀರು ಬಂದ ಕಡೆ ನೆಲ್ಲು ಹಚ್ಚಲು ಅಡ್ಡ ಅಂತ ಬದುವಿನ ಗಿಡವನ್ನೂ ಎಷ್ಟೋ ಮಂದಿ ಕಡಿದರು.

ದೇಶದ ಅರಣ್ಯ ನೀತಿ 1988ರಲ್ಲಿ ಬಂತು. ದೇಶದ ನೆಲದಲ್ಲಿ ಮೂರರಲ್ಲಿ ಒಂದು ಪಾಲು ಗಿಡ ಮರ ಇರಬೇಕು ಅಂತ ಅದು ಹೇಳುತ್ತದೆ. ನಮ್ಮ ಜಿಲ್ಲೆ ಅದರ ಹತ್ತಿರಕ್ಕೂ ಬರುವುದಿಲ್ಲ. ಅಂದರೆ ನಮ್ಮಲ್ಲಿ ಇರುವ ಒಂದೊಂದು ತೋಪಿಗೂ ಬೆಲೆ ಹೆಚ್ಚು.

ಗಿಡದ ಎಲೆ ಮಳೆಯ ಹೊಡೆತ ತಡೆಯುತ್ತದೆ. ಬೇರು ಮಣ್ಣು ಹಿಡಿಯುತ್ತದೆ. ಉದುರಿದ ಎಲೆ ಗೊಬ್ಬರ ಆಗುತ್ತದೆ. ಓಡುವ ನೀರು ನಿಂತು ನೆಲದೊಳಗೆ ಇಳಿಯುತ್ತದೆ. ಜಾಲಿಯ ಬೇರು ಗಾಳಿಯಲ್ಲಿರುವ ಸಾರಜನಕ ಎಂಬ ಸತ್ವವನ್ನು ಮಣ್ಣಿಗೆ ಸೇರಿಸುತ್ತದೆ. ಇನ್ನೊಂದು ಮಾತಿದೆ. ಲೋಕದ ಬಿಸಿ ಏರುತ್ತಿದೆ ಅಂತ ರೇಡಿಯೋದಲ್ಲಿ, ಟಿ.ವಿ.ಯಲ್ಲಿ ಕೇಳುತ್ತೀರಿ. ಗಾಳಿಯಲ್ಲಿ ಹೊಗೆಯ ಅಂಶ ಹೆಚ್ಚಾದದ್ದೇ ಅದಕ್ಕೆ ದೊಡ್ಡ ಕಾರಣ. ಗಿಡ ಬೆಳೆಯುವಾಗ ಅದರಲ್ಲಿ ಒಂದು ಪಾಲನ್ನು ಎಳೆದುಕೊಂಡು ತನ್ನ ಮೈಯಲ್ಲಿ ಇಟ್ಟುಕೊಳ್ಳುತ್ತದೆ. ಆ ಗಿಡ ಬಾಗಿಲಾಗಿ, ತೊಲೆಯಾಗಿ ನಿಮ್ಮ ಮನೆಯಲ್ಲಿ ಇರುವಷ್ಟು ದಿನ ಅದು ಅಲ್ಲೇ ಇರುತ್ತದೆ. ಕಡಿದ ಜಾಗದಲ್ಲಿ ಇನ್ನೊಂದು ಗಿಡ ಬೆಳೆದರೆ ಅದೂ ತನ್ನ ಪಾಲು ಎಳೆದುಕೊಳ್ಳುತ್ತದೆ.

ಹಾಗಾಗಿ ಗಿಡದಿಂದ ಕಟ್ಟಿಗೆ ತೆಗೆಯುವುದು ಪಾಪ ಅಲ್ಲ. ತೆಗೆದ ಜಾಗವನ್ನು ಬೋಳು ಬಿಡುವುದು ತಪ್ಪು.

ಮೊದಲನೆಯ ಪ್ರಶ್ನೆ: ಯಾವ ಗಿಡ?

ಇದನ್ನು ನಾನು ನಿಮಗೆ ಕಲಿಸಬೇಕಾಗಿಲ್ಲ. ಜೋಳ ಒತ್ತಾಗಿ ಹುಟ್ಟಿದರೆ ಏನು ಮಾಡುತ್ತೀರಿ? ಕಸ ತೆಗೆಯುವಾಗಲೇ ಸಣ್ಣದನ್ನು, ಸೊರಗಿದ್ದನ್ನು ಕಿತ್ತು ಹಾಕುತ್ತೀರಿ. ಒಳ್ಳೆಯದನ್ನು ಬಿಡುತ್ತೀರಿ. ಆಗ ತೆನೆ ದೊಡ್ಡದಾಗುತ್ತದೆ. ದೊಡ್ಡ ಸಸಿ ಕಿತ್ತು ಸಣ್ಣದನ್ನು ಬಿಡುವವರು ಯಾರಾದರೂ ಇದ್ದಾರೆಯೇ?

ತೋಪಿನ ಲೆಕ್ಕವೂ ಅದೇ. ಎರಡು ಮೀಟರಿಗೆ ಒಂದರಂತೆ ಸಸಿ ನೆಟ್ಟರೆ ಎಕರೆಗೆ ಸುಮಾರು 1,000 ಸಸಿ ಹಿಡಿಯುತ್ತವೆ. ಸಣ್ಣದಿದ್ದಾಗ ಅದು ಸರಿ. ಒತ್ತಾಗಿದ್ದರೆ ನೆಟ್ಟಗೆ ಮೇಲೆ ಹೋಗುತ್ತವೆ. ನಾಲ್ಕೈದು ವರ್ಷಕ್ಕೆ ಒಂದರ ಬೇರು ಇನ್ನೊಂದರ ನೀರು ಕಸಿಯಲು ಸುರು ಮಾಡುತ್ತದೆ. ಎಲ್ಲವೂ ಕಡ್ಡಿಯಂತೆ ನಿಲ್ಲುತ್ತವೆ. ಆಗ ಡೊಂಕಿದ್ದದ್ದು, ರೋಗ ಬಂದದ್ದು, ಇನ್ನೊಂದರ ನೆರಳಲ್ಲಿ ಸೊರಗಿದ್ದು, ಇವನ್ನು ತೆಗೆಯಬೇಕು. ಅದು ಒಲೆಗೆ, ಹಂದರಕ್ಕೆ, ಬೇಲಿಗೆ ಆಗುತ್ತದೆ. ಅರಣ್ಯ ಇಲಾಖೆಯವರು ಇದಕ್ಕೆ ‘ವಿರಳ ಮಾಡುವುದು’ ಅನ್ನುತ್ತಾರೆ. ಒಂದೇ ಸಲ ಅಲ್ಲ, ಕೆಲವು ವರ್ಷ ಬಿಟ್ಟು ಮತ್ತೆ ವಿರಳ ಮಾಡಬೇಕು. ಕೊನೆಗೆ ನಾಲ್ಕು ಮೀಟರಿಗೆ ಒಂದರಂತೆ ಉಳಿದರೆ ಎಕರೆಗೆ ಸುಮಾರು 250 ಗಿಡ. ಆದರೆ ಅವು ಗಟ್ಟಿ ಗಿಡ.

ದಪ್ಪ ಗಿಡ ಯಾಕೆ ಬೇಕು? ಒಂದು ಲೆಕ್ಕ ಮಾಡೋಣ. ಲೆಕ್ಕ ಕಲಿತಿದ್ದೀರಲ್ಲ. ಬಿದ್ದ ದಿಮ್ಮಿಯ ನಡುವಿಗೆ ಹಗ್ಗ ಸುತ್ತಿ ಅಳೆಯಿರಿ. ಬಂದ ಸುತ್ತಳತೆಯನ್ನು ನಾಲ್ಕು ಪಾಲು ಮಾಡಿ. ಒಂದು ಪಾಲನ್ನು ಅದೇ ಪಾಲಿನಿಂದ ಗುಣಿಸಿ. ಬಂದದ್ದನ್ನು ದಿಮ್ಮಿಯ ಉದ್ದದಿಂದ ಗುಣಿಸಿ. ಕಟ್ಟಿಗೆ ವ್ಯಾಪಾರದಲ್ಲಿ ಘನ ಅಡಿ ಲೆಕ್ಕ ಹಾಕುವ ಹಳೆಯ ರೀತಿ ಇದು.

ಒಂದು ದಿಮ್ಮಿಯ ಸುತ್ತಳತೆ 2 ಅಡಿ. ಉದ್ದ 10 ಅಡಿ. ನಾಲ್ಕು ಪಾಲು ಮಾಡಿದರೆ ಅರ್ಧ ಅಡಿ. ಅರ್ಧವನ್ನು ಅರ್ಧದಿಂದ ಗುಣಿಸಿದರೆ ಕಾಲು. ಕಾಲನ್ನು 10ರಿಂದ ಗುಣಿಸಿದರೆ ಎರಡೂವರೆ ಘನ ಅಡಿ.

ಇನ್ನೊಂದು ದಿಮ್ಮಿಯ ಸುತ್ತಳತೆ 4 ಅಡಿ. ಉದ್ದ ಅದೇ 10 ಅಡಿ. ನಾಲ್ಕು ಪಾಲು ಮಾಡಿದರೆ 1 ಅಡಿ. ಒಂದನ್ನು ಒಂದರಿಂದ ಗುಣಿಸಿದರೆ ಒಂದು. ಅದನ್ನು 10ರಿಂದ ಗುಣಿಸಿದರೆ 10 ಘನ ಅಡಿ.

ನೋಡಿದಿರಾ? ಸುತ್ತಳತೆ ಎರಡು ಪಟ್ಟು ಆಯಿತು. ಕಟ್ಟಿಗೆ ನಾಲ್ಕು ಪಟ್ಟು ಆಯಿತು. ಸಣ್ಣ ಗಿಡ ಉರುವಲಿನ ಬೆಲೆಗೆ ಹೋಗುತ್ತದೆ. ಅದೇ ಗಿಡ ದಪ್ಪ ಆದರೆ ಬಾಗಿಲಿನ ಬೆಲೆಗೆ ಹೋಗುತ್ತದೆ. ಎಳೆಯದನ್ನು ಮಾರಿ ಬಿಟ್ಟರೆ ನಷ್ಟ ಊರಿಗೆ. ಕಟ್ಟಿಗೆ ಅಡ್ಡೆಯಲ್ಲಿ ಯಾರಾದರೂ ಲೆಕ್ಕ ಹೇಳಿದರೆ ಇನ್ನು ಮುಂದೆ ನೀವೂ ಹಗ್ಗ ಹಿಡಿದು ನೋಡಿ.

ಕೆಲವು ಗಿಡಗಳಿಗೆ ಕೊಡಲಿ ಮುಟ್ಟಿಸಲೇಬಾರದು. ಹಳ್ಳದ ದಂಡೆಯ ಗಿಡ ಬಿಡಿ, ಅದು ದಂಡೆ ಕಾಯುತ್ತದೆ. ಹಕ್ಕಿ ಗೂಡು ಕಟ್ಟುವ, ಪೊಟರೆ ಇರುವ ಹಳೆಯ ಗಿಡ ಒಂದೆರಡು ಬಿಡಿ. ಆ ಹಕ್ಕಿಗಳೇ ನಿಮ್ಮ ಹೊಲದ ಹುಳ ತಿನ್ನುತ್ತವೆ. ಎಲ್ಲಕ್ಕಿಂತ ಒಳ್ಳೆಯ ಎಂಟು ಹತ್ತು ಗಿಡಗಳನ್ನು ಬೀಜಕ್ಕೆ ಬಿಡಿ. ಅವು ತಾಯಿ ಗಿಡ.

ತಾಯಿ ಗಿಡ ಅಂದಾಗ ಒಬ್ಬ ಅಜ್ಜಿಯ ನೆನಪಾಗುತ್ತದೆ. ಉತ್ತರ ಕನ್ನಡ ಜಿಲ್ಲೆಯ ಅಂಕೋಲಾ ತಾಲೂಕಿನ ಹೊನ್ನಳ್ಳಿಯ ತುಳಸಿ ಗೌಡ. ಹಾಲಕ್ಕಿ ಜನಾಂಗದ ಹೆಣ್ಣುಮಗಳು. ಅರಣ್ಯ ಇಲಾಖೆಯ ನರ್ಸರಿಯಲ್ಲಿ ಕೂಲಿಗೆ ಸೇರಿ ಎಷ್ಟೋ ವರ್ಷ ದುಡಿದರು. ಕಾಡಿನಲ್ಲಿ ಯಾವುದು ತಾಯಿ ಗಿಡ, ಅದರ ಬೀಜ ಯಾವಾಗ ಆರಿಸಬೇಕು, ಹೇಗೆ ಮೊಳೆಸಬೇಕು ಅಂತ ಅವರಿಗೆ ಗೊತ್ತಿತ್ತು. ಅದಕ್ಕೇ ಅವರಿಗೆ ಪದ್ಮಶ್ರೀ ಪ್ರಶಸ್ತಿ ಬಂತು. 2021ರಲ್ಲಿ ದಿಲ್ಲಿಗೆ ಹೋಗಿ ಬರಿಗಾಲಲ್ಲಿ ನಡೆದು ರಾಷ್ಟ್ರಪತಿಗಳ ಕೈಯಿಂದ ಅದನ್ನು ಪಡೆದರು. 2024ರ ಡಿಸೆಂಬರಿನಲ್ಲಿ ತೀರಿಕೊಂಡರು. ಅವರಿಗೆ ಶಾಲೆ ಸಿಕ್ಕಿರಲಿಲ್ಲ. ಆದರೆ ಗಿಡದ ವಿದ್ಯೆ ಇತ್ತು. ನಿಮಗೂ ಬೇವು, ಜಾಲಿ, ಹುಣಸೆಯ ವಿದ್ಯೆ ಇದೆ. ಈಗ ಅಕ್ಷರವೂ ಬಂದಿದೆ. ಎರಡೂ ಸೇರಿದರೆ ಎಷ್ಟು ಬಲ, ನೀವೇ ಯೋಚಿಸಿ.

ಎರಡನೆಯ ಪ್ರಶ್ನೆ: ಎಷ್ಟು ಗಿಡ?

ಕುರಿ ಸಾಕಿದವರು ಹಿಂಡನ್ನೆಲ್ಲ ಒಂದೇ ಸಂತೆಯಲ್ಲಿ ಮಾರುವುದಿಲ್ಲ. ಹಾಗೆ ಮಾರಿದರೆ ಮುಂದಿನ ವರ್ಷ ಮರಿ ಎಲ್ಲಿಂದ ಬರಬೇಕು? ತೋಪನ್ನೂ ಒಂದೇ ಸಲ ಕಡಿಯಬಾರದು.

ನಿಮ್ಮೂರ ತೋಪು 16 ಎಕರೆ ಇದೆ ಅನ್ನಿ. ಅದನ್ನು 8 ಭಾಗ ಮಾಡಿ. ಒಂದೊಂದು ಭಾಗ 2 ಎಕರೆ. ಮೊದಲ ವರ್ಷ ಒಂದನೇ ಭಾಗ ಮಾತ್ರ ಕಡಿಯಿರಿ. ಎರಡನೇ ವರ್ಷ ಎರಡನೇ ಭಾಗ. ಹೀಗೇ ಎಂಟು ವರ್ಷ. ಒಂಬತ್ತನೇ ವರ್ಷ ಮತ್ತೆ ಒಂದನೇ ಭಾಗಕ್ಕೆ ಬರುತ್ತೀರಿ. ಅಷ್ಟರಲ್ಲಿ ಅಲ್ಲಿ ಎಂಟು ವರ್ಷದ ಗಿಡ ಎದ್ದು ನಿಂತಿರುತ್ತವೆ. ಪ್ರತಿ ವರ್ಷ ಊರಿಗೆ ಕಟ್ಟಿಗೆ. ಪ್ರತಿ ವರ್ಷ ಸ್ವಲ್ಪ ರೊಕ್ಕ. 16 ಎಕರೆಯಲ್ಲಿ 14 ಎಕರೆ ಯಾವಾಗಲೂ ಹಸಿರು. ಮಲೆನಾಡಿನ ಕಡೆ ಹೀಗೆ ಕಡಿಯುವ ಭಾಗಕ್ಕೆ ‘ಕೂಪು’ ಅನ್ನುತ್ತಾರೆ.

ಎಂಟು ವರ್ಷ ಅಂದದ್ದು ಉರುವಲಿಗೆ, ಸಣ್ಣ ಕಂಬಗಳಿಗೆ. ಬೇವಿನ ಬಾಗಿಲು, ಸಾಗವಾನಿ ತೊಲೆ, ಜಾಲಿಯ ಕೂರಿಗೆ, ಬಂಡಿ, ಇವಕ್ಕೆ ಎಂಟು ವರ್ಷದ ಗಿಡ ಸಾಲದು. ಹಾಗಾಗಿ ಪ್ರತಿ ಭಾಗದಲ್ಲೂ ನೆಟ್ಟಗಿರುವ ಕೆಲವು ಗಿಡಗಳಿಗೆ ಸುಣ್ಣದ ಗುರುತು ಹಚ್ಚಿ ಬಿಡಿ. ಅವು ಎರಡು ಸುತ್ತು, ಮೂರು ಸುತ್ತು ಬೆಳೆಯಲಿ. ಕೆಳಗೆ ಉರುವಲು ಬೆಳೆಯುತ್ತದೆ. ಮೇಲೆ ನಾಟಾ ಬೆಳೆಯುತ್ತದೆ. ಒಂದೇ ನೆಲ, ಎರಡು ಫಸಲು.

ಕಡಿದ ಭಾಗದೊಳಗೆ ಎರಡು ಮೂರು ವರ್ಷ ದನ, ಆಡು ಬಿಡಬಾರದು. ಇದು ಕಷ್ಟದ ಮಾತು. ಆಡು ಇರುವವರು ನಮ್ಮಲ್ಲೇ ಬಡವರು. ಆದರೆ ಉಳಿದ ಏಳು ಭಾಗ ಇದೆಯಲ್ಲ. ಅಲ್ಲೂ ಎಳೆಯ ಭಾಗ ಬಿಟ್ಟು, ಬೆಳೆದ ಭಾಗದಲ್ಲಿ ಮೇಯಿಸಬಹುದು. ಮುಚ್ಚಿದ ಭಾಗದ ಹುಲ್ಲನ್ನು ಕೊಯ್ದು ತರಬಹುದು. ಯಾವ ಭಾಗ ಮುಚ್ಚಿದೆ, ಯಾವುದು ತೆರೆದಿದೆ ಅಂತ ಆಡು ಕಾಯುವವರನ್ನು ಕೂಡಿಸಿಕೊಂಡೇ ತೀರ್ಮಾನ ಮಾಡಬೇಕು. ಅವರನ್ನು ಬಿಟ್ಟು ಮಾಡಿದರೆ ಬೇಲಿ ಒಂದು ತಿಂಗಳೂ ನಿಲ್ಲದು.

ಮೂರನೆಯ ಪ್ರಶ್ನೆ: ಯಾವಾಗ? ಹೇಗೆ?

ಮಳೆಗಾಲದಲ್ಲಿ ಕಡಿಯಬೇಡಿ. ಬಂಡಿ, ಟ್ರ್ಯಾಕ್ಟರ್ ಓಡಾಡಿ ಹಸಿ ನೆಲ ಕೆಡುತ್ತದೆ. ಚಳಿಗಾಲದಿಂದ ಬೇಸಿಗೆ ಸುರುವಾಗುವವರೆಗೆ ಕಡಿಯಲು ಒಳ್ಳೆಯ ಕಾಲ. ಬುಡದಲ್ಲಿ ಉಳಿದ ಶಕ್ತಿ ಆಮೇಲೆ ಹೊಸ ಚಿಗುರಾಗಿ ಬರುತ್ತದೆ.

ಎಲ್ಲ ಗಿಡವೂ ಬುಡದಿಂದ ಚಿಗುರುವುದಿಲ್ಲ. ಬೇವು, ಸಾಗವಾನಿ, ನೀಲಗಿರಿ ಚೆನ್ನಾಗಿ ಚಿಗುರುತ್ತವೆ. ಕರಿಜಾಲಿ ಅಷ್ಟು ಚಿಗುರದು. ಅದಕ್ಕೆ ಬೀಜವೇ ಬೇಕು. ಜಾಲಿಕಾಯಿ ತಿಂದ ಆಡಿನ ಹಿಕ್ಕೆಯಲ್ಲಿ ಬಂದ ಬೀಜ ಬೇಗ ಮೊಳೆಯುತ್ತದೆ. ಆಡಿನ ಹಟ್ಟಿ ಗುಡಿಸುವಾಗ ಆ ಬೀಜ ಆರಿಸಿ ಇಡಿ.

ಚಿಗುರುವ ಗಿಡವನ್ನು ನೆಲದಿಂದ ಅರ್ಧ ಗೇಣು ಎತ್ತರಕ್ಕೆ ಕಡಿಯಿರಿ. ಹರಿತವಾದ ಕೊಡಲಿ ಇರಲಿ. ಬುಡ ಸೀಳಬಾರದು, ತೊಗಟೆ ಸುಲಿಯಬಾರದು. ಮೇಲ್ಭಾಗ ಸ್ವಲ್ಪ ಓರೆ ಇರಲಿ, ಮಳೆನೀರು ನಿಲ್ಲದೆ ಇಳಿದು ಹೋಗಲಿ. ಒಂದೇ ಬುಡಕ್ಕೆ ಹತ್ತು ಹದಿನೈದು ಚಿಗುರು ಬರುತ್ತವೆ. ಮರುವರ್ಷ ಗಟ್ಟಿಯಾದ ಎರಡು ಮೂರು ಚಿಗುರು ಬಿಟ್ಟು ಉಳಿದದ್ದು ತೆಗೆಯಿರಿ. ಅದು ಆಡಿಗೆ ಮೇವು, ಒಲೆಗೆ ಪುಳ್ಳೆ.

ನಾಟಾಕ್ಕೆ ಬಿಟ್ಟ ಗಿಡದ ಕೆಳಗಿನ ಟೊಂಗೆಗಳನ್ನು ಎಳೆಯದರಲ್ಲೇ ಸವರಬೇಕು. ಆಗ ಹಲಗೆಯಲ್ಲಿ ಗಂಟು ಇರುವುದಿಲ್ಲ. ಗಿಡದ ಎತ್ತರದಲ್ಲಿ ಕೆಳಗಿನ ಮೂರನೇ ಒಂದು ಪಾಲಿನಷ್ಟು ಸವರಿದರೆ ಸಾಕು. ಟೊಂಗೆ ಜಗ್ಗಿ ಮುರಿಯಬೇಡಿ, ಗಾಯದಲ್ಲಿ ಹುಳ ಬೀಳುತ್ತದೆ. ಉರುವಲಿಗೆ ಅಂತ ತುದಿತನಕ ಬೋಳಿಸಿದರೆ ಗಿಡ ಬೆಳೆಯುವುದೇ ನಿಲ್ಲುತ್ತದೆ.

ಕಡಿದ ನಾಟಾವನ್ನು ಬಿಸಿಲಿಗೆ ಹಾಕಬೇಡಿ. ಸೀಳುತ್ತದೆ. ನೆರಳಲ್ಲಿ ಅಡ್ಡಗಟ್ಟಿಗೆ ಇಟ್ಟು ಪೇರಿಸಿ, ಗಾಳಿ ಆಡಲಿ. ಜಾಲಿ ದಿಮ್ಮಿಯನ್ನು ನಮ್ಮ ಹಿರಿಯರು ಕೆರೆಯ ನೀರಿನಲ್ಲಿ ಮುಳುಗಿಸಿ ಇಡುತ್ತಿದ್ದರು. ಹುಳ ತಿನ್ನಬಾರದು ಅಂತ. ಕಟ್ಟಿಗೆ ಎಷ್ಟು ವರ್ಷ ಬಾಳುತ್ತದೋ ಅಷ್ಟು ವರ್ಷ ಇನ್ನೊಂದು ಗಿಡ ಉಳಿಯುತ್ತದೆ.

ಯಾರಿಗಾಗಿ ಗಿಡ?

ಮೂರು ಪ್ರಶ್ನೆ ಆಯಿತು. ಅವುಗಳ ಹಿಂದೆ ಇನ್ನೊಂದು ದೊಡ್ಡ ಪ್ರಶ್ನೆ ಇದೆ. ಈ ಗಿಡ ಯಾರಿಗಾಗಿ?

ನಮ್ಮ ರಾಜ್ಯದಲ್ಲೇ ನಡೆದ ಸಂಗತಿ ಕೇಳಿ. 1984ರಲ್ಲಿ ಸರ್ಕಾರದ ಒಂದು ನಿಗಮ ಮತ್ತು ಹರಿಹರದ ಒಂದು ಖಾಸಗಿ ಕಾರ್ಖಾನೆ ಸೇರಿ ಕರ್ನಾಟಕ ಪಲ್ಪ್‌ವುಡ್ ಎಂಬ ಕಂಪನಿ ಮಾಡಿದವು. ಸುಮಾರು 30 ಸಾವಿರ ಹೆಕ್ಟೇರ್ ನೆಲದಲ್ಲಿ ಕಾರ್ಖಾನೆಗೆ ಬೇಕಾದ ನೀಲಗಿರಿಯಂಥ ಗಿಡ ಬೆಳೆಸುವ ಯೋಜನೆ ಅದು. ಆ ನೆಲದಲ್ಲಿ ಹಳ್ಳಿಯ ಜನ ದನ ಮೇಯಿಸುತ್ತಿದ್ದರು. ಕಟ್ಟಿಗೆ ತರುತ್ತಿದ್ದರು. ನೀಲಗಿರಿ ಬೇಗ ಬೆಳೆಯುತ್ತದೆ, ನೆಟ್ಟಗೆ ಬೆಳೆಯುತ್ತದೆ, ನಿಜ. ಆದರೆ ಅದರ ಎಲೆಯನ್ನು ಆಡೂ ಮೂಸುವುದಿಲ್ಲ.

1987ರ ನವೆಂಬರ್ 14ರಂದು ಕುಸನೂರಿನಲ್ಲಿ ಜನ ಸೇರಿದರು. ಆಗ ಅದು ಧಾರವಾಡ ಜಿಲ್ಲೆ, ಈಗ ಹಾವೇರಿ ಜಿಲ್ಲೆ. ಅವರು ನೀಲಗಿರಿ ಸಸಿ ಕಿತ್ತರು. ಸುಮ್ಮನೆ ಕಿತ್ತು ಹೋಗಲಿಲ್ಲ. ಅದೇ ಗುಂಡಿಯಲ್ಲಿ ಮೇವು, ಹಣ್ಣು, ಉರುವಲು ಕೊಡುವ ಸಸಿ ಹಚ್ಚಿದರು. ಅದಕ್ಕೆ ‘ಕಿತ್ತಿಕೊ-ಹಚ್ಚಿಕೊ’ ಸತ್ಯಾಗ್ರಹ ಅಂತ ಹೆಸರು. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಅದನ್ನು ನಡೆಸಿತು. ಸಾಹಿತಿ ಶಿವರಾಮ ಕಾರಂತರು ಸುಪ್ರೀಂ ಕೋರ್ಟಿಗೂ ಹೋದರು. 1991ರಲ್ಲಿ ಆ ಕಂಪನಿ ಮುಚ್ಚಿತು. ಮುಂದೆ 2017ರಲ್ಲಿ ಹೊಸದಾಗಿ ನೀಲಗಿರಿ ನೆಡಬಾರದು ಅಂತ ಸರ್ಕಾರವೇ ಆದೇಶ ಹೊರಡಿಸಿತು.

ಕುಸನೂರಿನ ಜನ ಗಿಡ ಬೇಡ ಅನ್ನಲಿಲ್ಲ. ನಮ್ಮ ಬಾಳಿಗೆ ಆಗುವ ಗಿಡ ಬೇಕು ಅಂದರು. 1988ರ ಅರಣ್ಯ ನೀತಿಯೂ ನೆಲ, ನೀರು, ಗಾಳಿಯ ರಕ್ಷಣೆ ಮೊದಲು, ಲಾಭ ಆಮೇಲೆ ಅನ್ನುತ್ತದೆ.

ನಮ್ಮ ಕಡೆ ಬಳ್ಳಾರಿ ಜಾಲಿ ಇದೆ. ಅದು ಹೊರದೇಶದಿಂದ ಬಂದ ಗಿಡ. ಹೊಲ, ಹಳ್ಳ, ಗಾಯರಾಣ ಎಲ್ಲ ಹಬ್ಬಿದೆ. ಅದರ ಕೆಳಗೆ ಹುಲ್ಲು ಬೆಳೆಯದು, ಮುಳ್ಳು ಬಹಳ. ಆದರೆ ಎಷ್ಟೋ ಬಡವರ ಒಲೆ ಉರಿಯುವುದು ಅದರಿಂದಲೇ. ಅದರ ಇದ್ದಿಲು ಸುಟ್ಟು ಬದುಕುವವರೂ ಇದ್ದಾರೆ. ಅದನ್ನು ಒಂದೇ ಸಲ ಜೆಸಿಬಿ ಹಚ್ಚಿ ಕಿತ್ತರೆ ಮರುದಿನ ಒಲೆಗೆ ಏನು? ಅದನ್ನೂ ಭಾಗ ಮಾಡಿ ತೆಗೆಯಬೇಕು. ಬುಡಸಮೇತ ಅಗೆದು ತೆಗೆಯಬೇಕು, ಇಲ್ಲದಿದ್ದರೆ ಮತ್ತೆ ಚಿಗುರುತ್ತದೆ. ತೆಗೆದ ಜಾಗಕ್ಕೆ ಬೇವು, ಹೊಂಗೆ, ಕರಿಜಾಲಿ ಹಚ್ಚಬೇಕು.

ಕಾಗದ ಓದಿ, ಆಮೇಲೆ ಸಹಿ

ಗಾಯರಾಣದ ಗಿಡವಾಗಲಿ, ಅರಣ್ಯ ಇಲಾಖೆಯ ಗಿಡವಾಗಲಿ, ಊರವರು ತಾವೇ ಕಡಿಯುವಂತಿಲ್ಲ. ಅನುಮತಿ ಬೇಕು. ಹೊಲದ ಗಿಡವಾದರೂ ಕಡಿಯುವ, ಸಾಗಿಸುವ ಮುಂಚೆ ವಲಯ ಅರಣ್ಯ ಅಧಿಕಾರಿಗಳ ಕಚೇರಿಯಲ್ಲಿ ಕೇಳಿ. ಅಲ್ಲೇ ಇನ್ನೊಂದು ಮಾತನ್ನೂ ಕೇಳಿ. ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ ಅಂತ 2011ರಲ್ಲಿ ಸುರುವಾಯಿತು. ಹೊಲದಲ್ಲಿ ಹಚ್ಚಿದ ಸಸಿ ಬದುಕಿದರೆ ಮೂರು ವರ್ಷ ಸಸಿ ಲೆಕ್ಕದಲ್ಲಿ ಹಣ ಕೊಡುವ ಯೋಜನೆ ಅದು. ಈ ವರ್ಷ ಎಷ್ಟು, ಯಾವ ಸಸಿಗೆ ಅಂತ ವಿಚಾರಿಸಿ.

ಅರಣ್ಯ ಇಲಾಖೆ ಮತ್ತು ಊರವರು ಸೇರಿ ಕಾಡು ನೋಡಿಕೊಳ್ಳಲಿ ಅಂತ ನಮ್ಮ ರಾಜ್ಯದಲ್ಲಿ 1993ರಲ್ಲಿ ಆದೇಶ ಬಂತು. ಅದರಂತೆ ಗ್ರಾಮ ಅರಣ್ಯ ಸಮಿತಿಗಳಾದವು. ಸಮಿತಿಯ ಸಭೆಯಲ್ಲಿ ಅರ್ಧದಷ್ಟು ಸದಸ್ಯರು ಹೆಣ್ಣುಮಕ್ಕಳಿರಬೇಕು, ಕಾರ್ಯಕಾರಿ ಸಮಿತಿಯಲ್ಲಿ ಮೂರರಲ್ಲಿ ಒಂದು ಪಾಲಾದರೂ ಇರಬೇಕು ಅಂತ ಕೇಂದ್ರ ಸರ್ಕಾರ 2000ರಲ್ಲಿ ಸೂಚನೆ ಕೊಟ್ಟಿದೆ. ಕಟ್ಟಿಗೆ ಹೊರುವವರು ನಾವು. ಸಿಂಬಿ ನಮ್ಮ ತಲೆಯ ಮೇಲಿದೆ. ಹಾಗಾದರೆ ತೋಪಿನ ಮಾತಾಡುವಾಗ ನಾವು ಬಾಗಿಲ ಹೊರಗೆ ಯಾಕೆ ನಿಲ್ಲಬೇಕು?

ನಿಮ್ಮೂರಲ್ಲಿ ಸಮಿತಿ ಇದೆಯೋ ಕೇಳಿ. ಇದ್ದರೆ ಇಲಾಖೆಯ ಜೊತೆ ಆದ ಕರಾರು ಪತ್ರ ತೋರಿಸಿ ಅನ್ನಿ. ಕಟ್ಟಿಗೆ ಮಾರಿದ ರೊಕ್ಕದಲ್ಲಿ ಊರಿಗೆ ಪಾಲು ಎಷ್ಟು ಅಂತ ಅದರಲ್ಲಿ ಬರೆದಿರುತ್ತದೆ. ಸಮಿತಿ ಇಲ್ಲದಿದ್ದರೆ ಗ್ರಾಮಸಭೆಯಲ್ಲಿ ಕೇಳಿ. ನಿಧಾನ ಓದಿ. ತಿಳಿಯದ ಅಕ್ಷರಕ್ಕೆ ಬೆರಳು ಇಟ್ಟು ಕೇಳಿ. “ಓದಿ ಆದ ಮ್ಯಾಲ ಸಹಿ ಮಾಡತೀನ್ರಿ” ಅನ್ನಿ. ಯಾರು ಅವಸರ ಮಾಡಿದರೂ ನೀವು ಅವಸರ ಮಾಡಬೇಡಿ.

ಈಗ ಬರುವ ವಾರ ಮೀಟಿಂಗ್ ಇರುವ ಮಾನ್ವಿ ಕಡೆಯ ಅಕ್ಕನಿಗೆ ಒಂದು ಮಾತು. ಅಕ್ಕಾ, ಶಾಲೆಗೆ ಕಾಂಪೌಂಡ್ ಬೇಕು ಅಂದಿರಿ, ಬೇಕೇ ಬೇಕು. ಮೀಟಿಂಗಿಗೆ ಒಬ್ಬರೇ ಹೋಗಬೇಡಿ. ಹತ್ತು ಮಂದಿ ಹೋಗಿ. ಒಂದು ಹಗ್ಗ ತಗೊಂಡು ಹೋಗಿ. ಯಾವ ಗಿಡ, ಎಷ್ಟು ಗಿಡ, ಯಾವಾಗ ಅಂತ ಕೇಳಿ. ಉತ್ತರವನ್ನು ಕಾಗದದಲ್ಲಿ ಬರೆಸಿ.

ಕಪ್ಪು ಹಲಗೆಯ ಮೇಲೆ ಎರಡು ಪದ ಬರೆಯುತ್ತೇನೆ. ಒಂದು ‘ಪೂರ್ತಿ’. ಇನ್ನೊಂದು ‘ಭಾಗ’. ಎರಡನ್ನೂ ಎಲ್ಲರೂ ಗಟ್ಟಿಯಾಗಿ ಓದಿ. ಕಾಗದದಲ್ಲಿ ಇವೆರಡರಲ್ಲಿ ಯಾವುದು ಇದೆ ಅಂತ ಮೊದಲು ಹುಡುಕಿ. ನಮ್ಮೂರ ತೋಪು ಹೋದದ್ದು ಈ ಒಂದು ಪದದಿಂದ. ನಿಮ್ಮೂರ ತೋಪು ಉಳಿಯುವುದೂ ಈ ಇನ್ನೊಂದು ಪದದಿಂದ ಆಗಬಹುದು.



ಕೂಡಿ ಮಾತಾಡೋಣ

1. ನಿಮ್ಮೂರಲ್ಲಿ ತೋಪು ಎಲ್ಲಿದೆ? ಅದರಲ್ಲಿ ಯಾವ ಯಾವ ಗಿಡ ಇವೆ? ಹೆಸರು ಬರೆಯಿರಿ.
2. ನಿಮ್ಮ ಹೊಲದ ಬದುವಿನ ಒಂದು ಬೇವಿನ ಸುತ್ತಳತೆಯನ್ನು ಎದೆಮಟ್ಟದಲ್ಲಿ ಹಗ್ಗದಿಂದ ಅಳೆಯಿರಿ. ತಾರೀಖು ಹಾಕಿ ಬರೆದಿಡಿ. ಮುಂದಿನ ವರ್ಷ ಮತ್ತೆ ಅಳೆಯಿರಿ. ಎಷ್ಟು ಹೆಚ್ಚಾಯಿತು?
3. 24 ಎಕರೆ ತೋಪನ್ನು 8 ಭಾಗ ಮಾಡಿದರೆ ಒಂದು ಭಾಗ ಎಷ್ಟು ಎಕರೆ?
4. ನಿಮ್ಮೂರ ತೋಪಿನಲ್ಲಿ ಯಾವ ಗಿಡವನ್ನು ತಾಯಿ ಗಿಡ ಅಂತ ಬಿಡುತ್ತೀರಿ? ಯಾಕೆ?